ವೈಟಮ್ ಕಾಡಿನ ಹಕ್ಕಿ ವಂಶಾವಳಿ

ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಟಮ್ ಕಾಡು 1942ರಲ್ಲಿ ವಿಶ್ವವಿದ್ಯಾಲಯದ ಕೈಸೇರಿತು. ಐದು ವರ್ಷಗಳ ಬಳಿಕ ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ ಅಲ್ಲಿನ ಮರಗಳಿಗೆ ಗೂಡುಪೆಟ್ಟಿಗೆಗಳನ್ನು ತೂಗುಹಾಕಿಸಿದಾಗ, ನೆದರ್ಲೆಂಡ್ಸ್‌ನಲ್ಲಿ 1912ರಿಂದ ನಡೆದುಬಂದಿದ್ದ ಇಂಥದೇ ಗೂಡುಪೆಟ್ಟಿಗೆ ಅಧ್ಯಯನ ಅವರಿಗೆ ಮಾದರಿಯಾಗಿತ್ತು. ಪೆಟ್ಟಿಗೆಗಳಲ್ಲಿ ನೆಲಸಿದ ಮುಖ್ಯ ಹಕ್ಕಿ ಗ್ರೇಟ್ ಟಿಟ್. ಕರ್ನಾಟಕದಲ್ಲಿ ಚೇಕಡಿ ಎಂದು ಕರೆಯುವ ಹಕ್ಕಿ ಇದರ ಹತ್ತಿರದ ಬಂಧುವಾಗಿದ್ದು, ಬಹುಕಾಲ ಇವೆರಡನ್ನೂ ಒಂದೇ ಪ್ರಭೇದವೆಂದು ಎಣಿಸಲಾಗುತ್ತಿತ್ತು. ಹಕ್ಕಿಯೊಂದು ಇಂತಿಷ್ಟೇ ಮೊಟ್ಟೆಗಳನ್ನು ಏಕೆ ಇಡುತ್ತದೆ ಎಂಬುದು ಲ್ಯಾಕ್ ಅವರ ಪ್ರಶ್ನೆಯಾಗಿತ್ತು. ಆನುವಂಶಿಕ ವೈವಿಧ್ಯ ಅವರ ಲೆಕ್ಕದಲ್ಲೇ ಇರಲಿಲ್ಲ.

ಮೊಟ್ಟೆಯೊಡೆದು ಬರುವಾಗ ಒಂದು ಗ್ರಾಂನ ಆಸುಪಾಸು ತೂಗುವ, ಮೈಮೇಲೆ ಗರಿಯಿಲ್ಲದ, ಕಣ್ಣು ತೆರೆಯದ ಗ್ರೇಟ್ ಟಿಟ್ ಮರಿ, ಓಕ್ ಎಲೆಗಳ ಕಂಬಳಿಹುಳುಗಳನ್ನು ತಿಂದು ಹದಿನೈದನೆಯ ದಿನಕ್ಕೆ ಹೆಚ್ಚುಕಡಿಮೆ ಬೆಳೆದ ಹಕ್ಕಿಯ ತೂಕಕ್ಕೆ ಬರುತ್ತದೆ. ಆ ದಿನ ಅದನ್ನು ತೂಗಿ, ಕಾಲಿಗೆ ಸಂಖ್ಯೆಯುಳ್ಳ ಲೋಹದ ಉಂಗುರ ತೊಡಿಸುವುದು ವಾಡಿಕೆಯಾಯಿತು. ಹೆಚ್ಚು ತೂಗಿದ ಮರಿಗಳೇ ಹೆಚ್ಚಾಗಿ ಬದುಕುಳಿಯುತ್ತವೆ ಎಂದು ಸಂಶೋಧಕ ಕ್ರಿಸ್ಟೋಫರ್ ಪೆರಿನ್ಸ್ 1965ರಲ್ಲಿ ತೋರಿಸಿಕೊಟ್ಟರು.

ಉಂಗುರ ತೊಟ್ಟ ಮರಿ ಮುಂದೆ ತಾನೇ ಗೂಡು ಕಟ್ಟಿ ಸಿಕ್ಕಿಬಿದ್ದಾಗ, ಆ ಸಂಖ್ಯೆ ಎರಡು ತಲೆಮಾರುಗಳನ್ನು ಬೆಸೆಯುತ್ತಿತ್ತು. ಹೀಗೆ ಮೊಟ್ಟೆಯ ಲೆಕ್ಕಕ್ಕೆಂದು ತೆರೆದ ಪುಸ್ತಕ ಕೆಲವು ದಶಕಗಳಲ್ಲಿ ತಾನಾಗಿಯೇ ವಂಶಾವಳಿಯಾಗಿ ಬೆಳೆದು, ಒಡಹುಟ್ಟಿದವುಗಳು ಅಥವಾ ತಾಯಿ ಮತ್ತು ಮಗ ಜೋಡಿಯಾದ ಗೂಡುಗಳು ಯಾವುವೆಂದು ಗುರುತಿಸಲು ದಾರಿಯಾಯಿತು. ಇಂಥ ರಕ್ತಸಂಬಂಧದೊಳಗಿನ ಕೂಡಿಕೆಗೆ ಅಂತಃಪ್ರಜನನ ಎನ್ನುತ್ತಾರೆ. ಪ್ರತಿ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ದೋಷಯುತವಾಗಿದ್ದರೂ ಇನ್ನೊಂದು ಸಾಮಾನ್ಯವಾಗಿ ಅದನ್ನು ಮರೆಮಾಡುತ್ತದೆ. ತಂದೆತಾಯಿ ಬಂಧುಗಳಾದಾಗ ಎರಡೂ ಕಡೆಯಿಂದ ಒಂದೇ ದೋಷ ಮರಿಗೆ ಬರುವ ಸಂಭವ ಹೆಚ್ಚುತ್ತದೆ. 1978ರಲ್ಲಿ ಗ್ರೀನ್‌ವುಡ್, ಹಾರ್ವೆ ಮತ್ತು ಪೆರಿನ್ಸ್ ಪ್ರಕಟಿಸಿದ ಪ್ರಬಂಧದ ಪ್ರಕಾರ ವೈಟಮ್‌ನಲ್ಲಿ ಇಂಥ ಜೋಡಿಗಳು ವಿರಳವಾಗಿದ್ದವು, ಆದರೆ ಅವುಗಳ ಗೂಡುಗಳಲ್ಲಿ ಸಾಯುವ ಮರಿಗಳ ಪ್ರಮಾಣ ಹೆಚ್ಚಾಗಿತ್ತು. ಈ ವಿರಳತೆಗೆ ಹಕ್ಕಿಗಳ ವಿವೇಕ ಕಾರಣವಲ್ಲ. ಎಳೆಯ ಹೆಣ್ಣುಗಳು ಹುಟ್ಟಿದ ಗೂಡಿನಿಂದ ಗಂಡುಗಳಿಗಿಂತ ದೂರ ಹೋಗಿ ನೆಲಸುತ್ತವೆ, ಅಷ್ಟೇ. ಎದುರಾದ ಬಂಧುವನ್ನು ಅವು ಬೇಕೆಂದೇ ದೂರವಿಡುತ್ತವೆ ಎಂಬುದಕ್ಕೆ ಮುಂದಿನ ಅಧ್ಯಯನಗಳಲ್ಲೂ ಆಧಾರ ದೊರೆಯಲಿಲ್ಲ.

ಮರಿಗಳ ಸಾವಿನಲ್ಲಿ ವಂಶವಾಹಿಗಳ ಪಾಲಿದೆ ಎಂದು, ಹದಿನೈದನೆಯ ದಿನದ ತಕ್ಕಡಿಯ ಅಂಕಿಯನ್ನು ವಂಶವಾಹಿಯ ಅಳತೆಯೆಂದೇ ಓದಿದರೆ ತಪ್ಪಾದೀತು. ಕಂಬಳಿಹುಳು ಕಡಿಮೆಯಾದ ವರ್ಷ ಎಲ್ಲ ವಂಶದ ಮರಿಗಳೂ ಸೊರಗುತ್ತವೆ, ಗೂಡಿನಲ್ಲಿ ಒಡಹುಟ್ಟುಗಳು ಹೆಚ್ಚಿದ್ದರೆ ಪಾಲು ಕಿರಿದಾಗುತ್ತದೆ; ಆದ್ದರಿಂದ ಒಂದೇ ಕಾಡಿನ ಒಂದೇ ವರ್ಷದ ಮರಿಗಳನ್ನು ಪರಸ್ಪರ ಹೋಲಿಸಿದರೆ ಮಾತ್ರ ಅರ್ಥವುಂಟು. ಉಂಗುರದ ವಂಶಾವಳಿಗೂ ಒಂದು ಕುಂದಿತ್ತು. ಗೂಡಿಗೆ ಆಹಾರ ತರುವ ಗಂಡೇ ಎಲ್ಲ ಮರಿಗಳ ತಂದೆಯಾಗಿರಬೇಕೆಂದಿಲ್ಲವೆಂಬುದು ಡಿಎನ್ಎ ಪರೀಕ್ಷೆ ಬಂದ ಮೇಲಷ್ಟೇ ಖಚಿತವಾಯಿತು. ಅಂದರೆ ಅಂತಃಪ್ರಜನನದವು ಎಂದು ಬರೆದಿಟ್ಟ ಮರಿಗಳಲ್ಲಿ ಕೆಲವು ಹೊರಗಿನ ತಂದೆಗೆ ಹುಟ್ಟಿದವಾಗಿದ್ದು, ಪುಸ್ತಕ ತೋರಿಸಿದ ಹಾನಿ ನಿಜವಾದುದಕ್ಕಿಂತ ಕಡಿಮೆಯೇ ಇದ್ದೀತು.

ಮಾರ್ತಾ ಶುಲ್ಕಿನ್ ಮತ್ತು ಸಂಗಡಿಗರು ಅದೇ ಪುಸ್ತಕಗಳನ್ನು ಮತ್ತೆ ಶೋಧಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾನಿ ಮೊಟ್ಟೆಯೊಡೆಯುವ ಹಂತದಿಂದಲೇ ತೊಡಗಿ, ಮರಿ ಗೂಡು ಬಿಟ್ಟ ಮೇಲೂ ಹಂತಹಂತವಾಗಿ ಕೂಡುತ್ತ ಹೋಗುತ್ತದೆ ಎಂಬುದು ಸ್ಪಷ್ಟವಾಯಿತು. ಈ ದಶಕಗಳಲ್ಲಿ ಸಲಕರಣೆಗಳೂ ಬದಲಾದವು: ಲ್ಯಾಕ್ ಅವರ ಮರದ ಪೆಟ್ಟಿಗೆಗಳಿಗೆ ವೀಸಲ್ ಎಂಬ ಪುಟ್ಟ ಬೇಟೆಪ್ರಾಣಿ ನುಗ್ಗಿ ಮರಿಗಳನ್ನು ತಿನ್ನುತ್ತಿದ್ದುದರಿಂದ 1970ರ ದಶಕದಲ್ಲಿ ಕಾಂಕ್ರೀಟ್ ಮಿಶ್ರಣದ ಪೆಟ್ಟಿಗೆಗಳು ಬಂದವು. ಹದಿನೈದನೆಯ ದಿನದ ತಕ್ಕಡಿ ಮತ್ತು ಉಂಗುರ ಮಾತ್ರ ಬದಲಾಗಿಲ್ಲ.