ಫಿಲಡೆಲ್ಫಿಯಾ ವರ್ಣತಂತು

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ ಕಾಣಸಿಗುವ ಮೊಟಕಾದ 22ನೆಯ ವರ್ಣತಂತು. ಜೀವಕೋಶದ ಸಂಕೇತ ಕೆಟ್ಟರೆ ಕ್ಯಾನ್ಸರ್ ಹುಟ್ಟುತ್ತದೆ, ಆ ಸಂಕೇತವನ್ನು ತಡೆದರೆ ರೋಗ ತಗ್ಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿಕೊಟ್ಟ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಇದನ್ನು 1960ರಲ್ಲಿ ಗುರುತಿಸಿದವರು ಅಮೆರಿಕದ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್. ನೋವೆಲ್ ಸ್ಲೈಡುಗಳನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದರು. ಕೋಶಗಳು ಉಬ್ಬಿ ವರ್ಣತಂತುಗಳು ಬಿಡಿಬಿಡಿಯಾಗಿ ಕಂಡದ್ದು ಅದರಿಂದಲೇ. ಆದರೆ ಮೊಟಕಾದ ತುಂಡು ಹೋದದ್ದೆಲ್ಲಿಗೆ? ಉತ್ತರಕ್ಕೆ 1973ರವರೆಗೆ ಕಾಯಬೇಕಾಯಿತು. ಷಿಕಾಗೋದ ಜ್ಯಾನೆಟ್ ರೌಲಿ ವರ್ಣತಂತುಗಳ ಫೋಟೋಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರು. 9 ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು.

ಈ ಅದಲುಬದಲಿನಲ್ಲಿ ಎಬಿಎಲ್ ಎಂಬ ಜೀನ್ ಬಿಸಿಆರ್ ಎಂಬ ಜೀನಿಗೆ ಅಂಟಿಕೊಳ್ಳುತ್ತದೆಂದು 1980ರ ದಶಕದಲ್ಲಿ ತಿಳಿಯಿತು. ಎಬಿಎಲ್ ತಯಾರಿಸುವುದು ಟೈರೋಸಿನ್ ಕೈನೇಸ್ ಎಂಬ ಕಿಣ್ವವನ್ನು. ಕೋಶದ ಶಕ್ತಿವಾಹಕ ಅಣುವಾದ ಎಟಿಪಿಯಿಂದ ಫಾಸ್ಫೇಟನ್ನು ಕಿತ್ತು ಬೇರೆ ಪ್ರೋಟೀನುಗಳಿಗೆ ಅಂಟಿಸುವುದು ಅದರ ಕೆಲಸ. ಕೋಶ ಬೆಳೆಯಬೇಕು, ವಿಭಜಿಸಬೇಕು ಎಂಬ ಆಜ್ಞೆ ಹೀಗೆ ಒಂದರಿಂದೊಂದಕ್ಕೆ ದಾಟುತ್ತದೆ. ಸಾಮಾನ್ಯವಾಗಿ ಹಿಡಿತದಲ್ಲಿರುವ ಈ ಕಿಣ್ವ, ಬಿಸಿಆರ್ ಕೂಡಿಕೊಂಡ ಮೇಲೆ ಬಿಡುವಿಲ್ಲದೆ ಆಜ್ಞೆ ಹೊರಡಿಸುತ್ತದೆ. ಅಸ್ಥಿಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ.

ಈ ಕಿಣ್ವದಲ್ಲಿ ಎಟಿಪಿ ಕೂರುವ ಜಾಗವನ್ನೇ ಆಕ್ರಮಿಸುವ ಔಷಧಿಯನ್ನು ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿ ರೂಪಿಸಿತು. ಅದೇ ಇಮಾಟಿನಿಬ್. ಆ ಕಂಪನಿಯ ವಿಜ್ಞಾನಿ ನಿಕೊಲಸ್ ಲೈಡನ್ ಅವರೊಂದಿಗೆ ಸೇರಿ ಇದನ್ನು ಸಿಎಂಎಲ್‌ಗೆ ಬಳಸಬೇಕೆಂದು ಪಟ್ಟು ಹಿಡಿದವರು ವೈದ್ಯ ಬ್ರಯಾನ್ ಡ್ರೂಕರ್. 1998ರಲ್ಲಿ ರೋಗಿಗಳ ಮೇಲೆ ಪ್ರಯೋಗ ಆರಂಭವಾಯಿತು. ದಿನಕ್ಕೆ 300 ಮಿ.ಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಅದೇ ವರ್ಷ ಔಷಧಿಗೆ ಬಗ್ಗದ ರೋಗದ ಗುಟ್ಟೂ ಹೊರಬಿತ್ತು: ಕಿಣ್ವದ 315ನೆಯ ಸ್ಥಾನದಲ್ಲಿ ಒಂದು ಅಮೈನೊ ಆಮ್ಲ ಬದಲಾದರೆ ಇಮಾಟಿನಿಬ್ ಕೂರಲಾರದು. ಮುಂದೆ ಬಂದ ಡಸಾಟಿನಿಬ್, ನಿಲೋಟಿನಿಬ್‌ಗಳಿಗೂ ಈ ಬದಲಾವಣೆ ಮಣಿಯಲಿಲ್ಲ; ಪೊನಾಟಿನಿಬ್‌ಗೆ ಮಣಿಯಿತು. ಇಮಾಟಿನಿಬ್‌ನ ಈ ಯಶಸ್ಸನ್ನು ಎಲ್ಲ ಕ್ಯಾನ್ಸರುಗಳಿಗೂ ಅನ್ವಯಿಸುವಂತಿಲ್ಲ. ಆರಂಭದ ಹಂತದ ಸಿಎಂಎಲ್ ಬಹುಪಾಲು ಒಂದೇ ದೋಷದ ಮೇಲೆ ನಿಂತ ರೋಗ. ಶ್ವಾಸಕೋಶದ್ದೋ ಕರುಳಿನದ್ದೋ ಗೆಡ್ಡೆಯಲ್ಲಿ ಹಲವು ಸಂಕೇತಗಳು ಒಟ್ಟಿಗೆ ಕೆಟ್ಟಿರುತ್ತವೆ, ಒಂದನ್ನು ತಡೆದರೆ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ.

ಭಾರತದಲ್ಲಿ ಇಮಾಟಿನಿಬ್ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಇಮಾಟಿನಿಬ್ ಮೆಸಿಲೇಟಿನ ಬೀಟಾ ಹರಳು ರೂಪಕ್ಕೆ ಸೀಬಾ-ಗೈಗಿಯ ಉತ್ತರಾಧಿಕಾರಿ ಕಂಪನಿ ನೊವಾರ್ಟಿಸ್ ಕೋರಿದ್ದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಭಾರತೀಯ ಕಂಪನಿಗಳು ಇದನ್ನು ಅಗ್ಗವಾಗಿ ತಯಾರಿಸುವುದಕ್ಕೆ ಅಡ್ಡಿ ಉಳಿಯಲಿಲ್ಲ.