ವಾಟ್ಸ್ಆ್ಯಪ್ ಮೆಸೇಜನ್ನು ಉಪಗ್ರಹ ಕದ್ದು ಓದುತ್ತದೆಯೇ?

ನಾಳೆಯಿಂದ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವಂತೆ, ಮೂರು ನೀಲಿ ಟಿಕ್ ಬಂದರೆ ಸರ್ಕಾರ ನಿಮ್ಮ ಮೆಸೇಜ್ ಓದಿದೆ ಎಂದರ್ಥವಂತೆ. ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಮಾತೆಲ್ಲ ಉಪಗ್ರಹಕ್ಕೆ ಹೋಗುತ್ತದೆ, ಅಲ್ಲಿಂದ ಯಾರು ಬೇಕಾದರೂ ಕೇಳಬಹುದು ಎಂದು ನಂಬಿದವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು, ನೋಡೋಣ.

ಚುಟುಕು ಉತ್ತರ

ಸುಳ್ಳು. ವಾಟ್ಸ್ಆ್ಯಪ್‌ನಲ್ಲಿ ಮೂರನೇ ಟಿಕ್ ಎಂಬುದೇ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ನಾವು ಮಾಡುವ ಮೊಬೈಲ್ ಕರೆ ಸಾಮಾನ್ಯವಾಗಿ ಉಪಗ್ರಹಕ್ಕೆ ಹೋಗುವುದೂ ಇಲ್ಲ. ಫೋನಿನಿಂದ ಹತ್ತಿರದ ಟವರ್‌ವರೆಗೆ ರೇಡಿಯೋ ತರಂಗದಲ್ಲಿ ಹೋಗಿ, ಮುಂದೆ ಹೆಚ್ಚಾಗಿ ನೆಲದೊಳಗಿನ ಕೇಬಲ್‌ನಲ್ಲಿ ಸಾಗುತ್ತದೆ.

ಮನೆ ಮೇಲಿನ ಡಿಶ್ ಹೇಳುವ ಪಾಠ

ಟಿವಿ ಚಾನೆಲ್ ಮಾತ್ರ ನಿಜಕ್ಕೂ ಉಪಗ್ರಹದಿಂದ ಬರುತ್ತದೆ. ಸುಮಾರು 36,000 ಕಿ.ಮೀ. ಎತ್ತರದಿಂದ ಬೀಳುವ ಸಿಗ್ನಲ್ ಈ ಮೂರೂ ತಾಲ್ಲೂಕುಗಳ ಪ್ರತಿ ಮನೆಯ ಮೇಲೂ ಒಂದೇ ಸಮ ಬೀಳುತ್ತದೆ, ರೀಚಾರ್ಜ್ ಮಾಡಿದವರು, ಮಾಡದವರು ಎಂಬ ಭೇದವಿಲ್ಲ. ಆದರೂ ರೀಚಾರ್ಜ್ ಮುಗಿದರೆ ಹಣ ಕಟ್ಟುವ ಚಾನೆಲ್ ಬರುವುದಿಲ್ಲ, ಏಕೆ? ಸಿಗ್ನಲ್‌ಗೆ ಗಣಿತದ ಬೀಗ ಹಾಕಿರುತ್ತಾರೆ. ಅದನ್ನು ತೆಗೆಯುವ ಅನುಮತಿ ನಿಮ್ಮ ಸೆಟ್‌ಟಾಪ್ ಬಾಕ್ಸ್‌ಗೆ ಸಿಕ್ಕರೆ ಮಾತ್ರ ಚಿತ್ರ ಮೂಡುತ್ತದೆ.

ಗಾಳಿಯಲ್ಲಿ ಹೋಗುವ ಸಿಗ್ನಲನ್ನು ಹಿಡಿಯದಂತೆ ಯಾರನ್ನೂ ತಡೆಯಲಾಗದು. ಹಿಡಿದರೂ ಅರ್ಥವಾಗದಂತೆ ಮಾಡಬಹುದು.

ವಾಟ್ಸ್ಆ್ಯಪ್ 2016ರಿಂದ ಎಲ್ಲ ಬಳಕೆದಾರರ ಮೆಸೇಜ್‌ಗೂ ಇಂಥ ಬೀಗ ಹಾಕುತ್ತಿದೆ. ಕೀಲಿ ಕಳಿಸುವವರ ಮತ್ತು ಪಡೆಯುವವರ ಫೋನಿನಲ್ಲಿ ಮಾತ್ರ ಇರುತ್ತದೆ. ಸಾಮಾನ್ಯ ಫೋನ್ ಕರೆ ಹಾಗಲ್ಲ. ಅದರ ಬೀಗ ಕಂಪನಿಯ ಜಾಲದೊಳಗೆ ತೆರೆಯುತ್ತದೆ. ಕಾನೂನುಬದ್ಧ ಆದೇಶವಿದ್ದರೆ ತನಿಖಾ ಸಂಸ್ಥೆಗಳು ಅಲ್ಲಿ ಕೇಳಬಹುದು. ಎಲ್ಲರ ಕರೆಯನ್ನೂ ಕೇಳುತ್ತಾರೆ ಎಂದು ಇದರರ್ಥವಲ್ಲ.

ಬೆಂಗಳೂರಿನಲ್ಲಿ ನಡೆದ ಸಂಶೋಧನೆ

ಕೀಲಿಯೇ ಇಲ್ಲದೆ ಗುಟ್ಟು ಕಾಯಬಹುದೇ? ಕದ್ದು ಕೇಳುವವರಿಗೆ ಸಿಗ್ನಲ್ ನಮಗಿಂತ ಮಸುಕಾಗಿ ಸಿಗುವಂತಿದ್ದರೆ ಸಾಧ್ಯ ಎಂದು ಆರನ್ ವೈನರ್ 1975ರಲ್ಲಿ ತೋರಿಸಿದರು. ಜಾತ್ರೆಯ ಗದ್ದಲದಲ್ಲಿ ಪಕ್ಕದವರಿಗೆ ಮಾತ್ರ ಕೇಳುವಂತೆ ಮಾತಾಡಿದ ಹಾಗೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂಜಿನಿಯರಿಂಗ್ ಪ್ರಾಧ್ಯಾಪಕ ಎ. ಚೊಕ್ಕಲಿಂಗಂ ಮತ್ತು ಸಹ ಸಂಶೋಧಕರು ಇದೇ ದಾರಿಯಲ್ಲಿ ಕೆಲಸ ಮಾಡಿದ್ದಾರೆ. ನಡುವಿನ ರಿಲೇ ಕೇಂದ್ರಗಳು ತರಂಗಗಳನ್ನು ಹೇಗೆ ಹೊಂದಿಸಿ ಕಳಿಸಿದರೆ ಬೇಕಾದವರಿಗೆ ಸ್ಪಷ್ಟವಾಗಿಯೂ ಕದ್ದು ಕೇಳುವವರಿಗೆ ದುರ್ಬಲವಾಗಿಯೂ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ.

ಅದೇ ಊರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಾಧ್ಯಾಪಕಿ ಉರ್ಬಸಿ ಸಿನ್ಹಾ ಅವರ ತಂಡ ಇಸ್ರೋ ಜೊತೆ ಸೇರಿ, ಬೆಳಕಿನ ಕಣಗಳ ಮೂಲಕ ರಹಸ್ಯ ಕೀಲಿ ಕಳಿಸುವ ಪ್ರಯೋಗ ನಡೆಸಿದೆ. 2021ರಲ್ಲಿ 50 ಮೀಟರ್ ದೂರದ ಎರಡು ಕಟ್ಟಡಗಳ ನಡುವೆ ಇದು ಯಶಸ್ವಿಯಾಯಿತು. ನಡುವೆ ಯಾರಾದರೂ ಇಣುಕಿದರೆ ಆ ಕಣಗಳು ಕದಡಿ ಗೊತ್ತಾಗಿಬಿಡುತ್ತದೆ. ಮುಂದೆ ಉಪಗ್ರಹದ ಮೂಲಕವೂ ಹೀಗೆ ಕೀಲಿ ಕಳಿಸುವುದು ಇದರ ಗುರಿ.

ಹಾಗಾದರೆ ಮೋಸ ಎಲ್ಲಿ ಆಗುತ್ತದೆ?

ಬೀಗ ಗಟ್ಟಿಯಿದೆ ಎಂದು ಗೊತ್ತಿರುವುದರಿಂದಲೇ ಕಳ್ಳರು ಕೀಲಿಯನ್ನೇ ಕೇಳುತ್ತಾರೆ. “ಅಣ್ಣಾ, ನನ್ನ ಓಟಿಪಿ ತಪ್ಪಿ ನಿಮ್ಮ ನಂಬರ್‌ಗೆ ಬಂದದ, ಸ್ವಲ್ಪ ಹೇಳ್ರಿ” ಎಂಬ ಕರೆ ಬಂದಾಗ ಆರು ಅಂಕಿ ಹೇಳಿದರೆ ಮುಗಿಯಿತು, ನಿಮ್ಮ ವಾಟ್ಸ್ಆ್ಯಪ್ ಅವರ ಫೋನಿನಲ್ಲಿ ತೆರೆಯುತ್ತದೆ. ಆಮೇಲೆ ನಿಮ್ಮ ಹೆಸರಿನಲ್ಲೇ ನಿಮ್ಮವರಿಂದ ಹಣ ಕೇಳಬಹುದು.

ಆದ್ದರಿಂದ ನಾವು ಹೇಳುವುದು ಇಷ್ಟು:

- ಓಟಿಪಿಯನ್ನು ಯಾರಿಗೂ ಹೇಳಬೇಡಿ, ಪರಿಚಯದವರ ನಂಬರ್‌ನಿಂದ ಕೇಳಿದರೂ.
- ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ.
- ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ. ನಿಮ್ಮದಲ್ಲದ ಸಾಧನ ಕಂಡರೆ ಲಾಗ್‌ಔಟ್ ಮಾಡಿ.
- ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೂರು ಟಿಕ್‌ನ ಫಾರ್ವರ್ಡ್ ಮತ್ತೆ ಬಂದರೆ ಅಳಿಸಿಬಿಡಿ. ಗುಂಪಿಗೆ ಏನಾದರೂ ಕಳಿಸಲೇಬೇಕೆಂದರೆ ಈ ನಾಲ್ಕು ಸಾಲು ಕಳಿಸಿ.