ಈರುಳ್ಳಿಯಲ್ಲದ ಈರುಳ್ಳಿ, ಕಪ್ಪೆಯಿಲ್ಲದ ಚಿಪ್ಪು

ನಮ್ಮ ದೊಡ್ಡಬಳ್ಳಾಪುರದ ಕಡೆ ಈರುಳ್ಳಿ ಗೊತ್ತಿಲ್ಲದವರಿಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಬೆಳೆಯೋ ಗುಲಾಬಿ ಈರುಳ್ಳಿಗೆ 2015ರಲ್ಲಿ ಜಿಐ ಮಾನ್ಯತೆ ಕೂಡ ಸಿಕ್ಕಿತು. ಹಾಗಾಗಿ ಒಣ ನೆಲದಲ್ಲಿ ತಾನಾಗಿಯೇ ಏಳೋ ಇನ್ನೊಂದು ಗೆಡ್ಡೆಯನ್ನ ಕನ್ನಡಿಗರು ‘ಕಾಡು ಈರುಳ್ಳಿ’ ಅಂದಿದ್ದು ಸಹಜವೇ. ಆದ್ರೆ ಅದು ಈರುಳ್ಳಿ ಕುಲದ್ದೇ ಅಲ್ಲ! ರಾಕ್ಸ್‌ಬರ್ಗ್ ಅದನ್ನ ‘ಸಿಲ್ಲಾ ಇಂಡಿಕಾ’ ಅಂದ. 1977ರಲ್ಲಿ ಜೆಸೊಪ್ ‘ಡ್ರಿಮಿಯಾ’ ಕುಲಕ್ಕೆ ಸೇರಿಸಿದರು. ಗ್ರೀಕಿನ ಆ ಹೆಸರಿಗೆ ಖಾರ, ಒಗರು ಅಂತ ಅರ್ಥ.

ಇತ್ತ ಕಡಲ ಕಡೆ ನೋಡಿ... ಅಳಿವೆಯ ಮರಳಲ್ಲಿ ಹುದುಗಿರೋ ಪುಟ್ಟ ಜೀವಿಗೆ ನಾವು ‘ಕಪ್ಪೆಚಿಪ್ಪು’ ಅಂತೀವಿ. ಕಪ್ಪೆಗೂ ಅದಕ್ಕೂ ಯಾವ ನಂಟೂ ಇಲ್ಲ. ತುಳುವರಿಗೆ ಅದು ಮರುವಾಯಿ. ಪುಂಡಿಯ ಜೊತೆ ಸೇರಿದರೆ ಹಬ್ಬ. ಅದರಲ್ಲೊಂದು ಜಾತಿಗೆ ಪಂಡಿತರಿಟ್ಟ ಲ್ಯಾಟಿನ್ ಹೆಸರು ‘ಮೆರೆಟ್ರಿಕ್ಸ್ ಕಾಸ್ಟಾ’. ಮೊದಲನೇ ಪದಕ್ಕೆ ವೇಶ್ಯೆ, ಎರಡನೆಯದಕ್ಕೆ ಶೀಲವತಿ ಅಂತ ಅರ್ಥ!

ಹೆಸರುಗಳ ಚರಿತ್ರೆ ಅಂದ್ರೆ ಹೀಗೇ. ಗೊತ್ತಿರೋದನ್ನ ಹಿಡಿದು ಗೊತ್ತಿಲ್ಲದ್ದನ್ನ ಕರೀತೀವಿ. ಹೊಲದವನಿಗೆ ಈರುಳ್ಳಿ, ಕೆರೆಯವನಿಗೆ ಕಪ್ಪೆ.

ಆದ್ರೆ ಒಂದು ವ್ಯತ್ಯಾಸ ಇದೆ. ಚಿಪ್ಪಿನಲ್ಲಿ ಕಪ್ಪೆ ಹುಡುಕಿದರೆ ನಗುತ್ತಾರೆ, ಅಷ್ಟೇ. ಕಾಡು ಈರುಳ್ಳಿ ಗೆಡ್ಡೆಯಲ್ಲಿ ಹೃದಯದ ಬಡಿತವನ್ನೇ ಕೆಡಿಸೋ ವಿಷ ಇದೆ. ‘ಕಾಡು’ ಅನ್ನೋ ಎರಡಕ್ಷರ ಬರೀ ವಿಳಾಸ ಅಲ್ಲ, ಎಚ್ಚರಿಕೆ ಕೂಡ ಅಂತ ನನಗನ್ನಿಸುತ್ತೆ. ಹೊಲದ ಬದುವಿನಲ್ಲಿ ಓಡಾಡೋದು ಬಿಟ್ಟ ನಾವು ಅದನ್ನ ಮರೆತು ‘ಈರುಳ್ಳಿ’ಯನ್ನಷ್ಟೇ ನೆನಪಿಟ್ಟುಕೊಂಡರೆ ಕಷ್ಟ.

ನಿಮ್ಮ ಕಡೆ ಇವೆರಡಕ್ಕೂ ಏನಂತಾರೆ? ತಿಳಿಸಿ.